ದಿನಕ್ಕೊಂದು ಮೈಲಿ

ಮಕ್ಕಳು ಓಡಲಾರರೆಂದರೆ ಯಾರು ನಂಬುವರು? ಆದರೆ 2012ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ನಗರದ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಎಲೇನ್ ವೈಲಿಯವರು ಕಂಡುದು ಅದನ್ನೇ. ವ್ಯಾಯಾಮದ ತರಗತಿಯ ಆರಂಭದಲ್ಲಿಯೇ ಮಕ್ಕಳು ದಣಿದುಬಿಡುತ್ತಿದ್ದರು.

ಅವರು ಹೂಡಿದ ಉಪಾಯ ಬಲು ಸರಳ. ಪ್ರತಿದಿನ 15 ನಿಮಿಷ ಮಕ್ಕಳೆಲ್ಲರೂ ಬಯಲಿಗೆ ಬಂದು ಓಡಬೇಕು, ದಣಿದವರು ನಡೆಯಬಹುದು. ಬೇರೆ ಉಡುಪು ಬೇಡ, ಸಲಕರಣೆ ಬೇಡ. ಪಂದ್ಯವಲ್ಲವಾದುದರಿಂದ ಸೋತವರೂ ಇಲ್ಲ. ಅಷ್ಟು ಹೊತ್ತಿನಲ್ಲಿ ಸುಮಾರು ಒಂದು ಮೈಲಿ ಸಾಗುವುದರಿಂದ ಇದಕ್ಕೆ ‘ದಿನದ ಮೈಲಿ’ ಎಂಬ ಹೆಸರು ಬಂದಿತು.

ಹೀಗೆ ಓಡುವ ಶಾಲೆಯ ಮಕ್ಕಳನ್ನು ಓಡದ ಶಾಲೆಯವರೊಡನೆ ಹೋಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಓಡಿದವರ ಓಟದ ಶಕ್ತಿ ಹೆಚ್ಚಿತ್ತು. ಮೈಯ ಕೊಬ್ಬು ತಗ್ಗಿತ್ತು.

ಆದರೆ ಇಷ್ಟಕ್ಕೇ ತೃಪ್ತಿ ಸಲ್ಲದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರೇರುವಷ್ಟು ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಹೇಳುತ್ತದೆ. ಶಾಲೆ ಕಾಲು ಗಂಟೆ ಕೊಟ್ಟರೂ ಉಳಿದ ಮುಕ್ಕಾಲು ಗಂಟೆ ಮನೆಯವರ ಹೊಣೆ. ಸಂಜೆ ಪುಸ್ತಕ ಮುಚ್ಚಿಸಿ ಮಕ್ಕಳನ್ನು ಲಗೋರಿಗೋ ಕುಂಟೆಬಿಲ್ಲೆಗೋ ಕಳುಹಿಸುವ ತಾಯಿತಂದೆಯರು ಅವರ ಹೊತ್ತನ್ನು ಹಾಳುಮಾಡುತ್ತಿಲ್ಲ. ಎಲುಬಿಗೂ ಎದೆಗೂ ಬಲವನ್ನು ಗಳಿಸಿಕೊಡುತ್ತಿದ್ದಾರೆ.