ಬಾಣಂತಿ ಕೋಣೆಯ ಬಿಸಿ: ಕೆಂಡವೂ ಹೀಟರೂ

ದಾವಣಗೆರೆಯ ಕೆ.ಬಿ. ಬಡಾವಣೆಯಿರಲಿ, ಹರಿಹರದ ಹಳೆಯ ಬೀದಿಯಿರಲಿ, ಮಗಳು ಬಾಣಂತನಕ್ಕೆಂದು ತವರಿನಲ್ಲಿ ಉಳಿದಳೆಂದರೆ ಹಿರಿಯರಿಗೆ ಒಂದೇ ಚಿಂತೆ: ತಾಯಿಗೂ ಕೂಸಿಗೂ ಥಂಡಿ ತಾಗಬಾರದು. ಕಿಟಕಿಗಳನ್ನು ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ಹಳೆಯ ರೂಢಿ. ಈಗ ಕೆಲವು ಮನೆಗಳಲ್ಲಿ ಅದರ ಸ್ಥಾನಕ್ಕೆ ವಿದ್ಯುತ್ ಹೀಟರ್ ಬಂದಿದೆ. ಹಿರಿಯರ ಚಿಂತೆ ಯೋಗ್ಯವಾದುದೇ. ನವಜಾತ ಶಿಶುವು ಮೈಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ತೂಕ ಕಡಿಮೆಯಿರುವ ಶಿಶುವು ಇನ್ನೂ ಬೇಗ. ಆದರೆ ಬೆಚ್ಚಗಿಡುವ ವಿಧಾನವೇ ಅಪಾಯಕ್ಕೆ ಕಾರಣವಾಗಬಾರದು.

ಹೊಗೆಯಿಲ್ಲದ ಕೆಂಡವೂ ವಿಷಕಾರಿ

ಕೆಂಡ ನಿಗಿನಿಗಿ ಹೊಳೆಯುತ್ತಿದೆ, ಹೊಗೆಯಿಲ್ಲ, ಆದುದರಿಂದ ಭಯವಿಲ್ಲ ಎಂಬ ಭಾವನೆ ತಪ್ಪು. ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಅಂಗಾಂಗಗಳಿಗೆ ಆಮ್ಲಜನಕ ತಲುಪದಂತೆ ಮಾಡುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಕಾಣಿಸುತ್ತವೆ. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು. ಕೂಸಿಗಂತೂ ತನ್ನ ಸಂಕಟವನ್ನು ಹೇಳಿಕೊಳ್ಳಲು ಬಾರದು. ಆದುದರಿಂದ ಮಲಗುವ ಕೋಣೆಯಲ್ಲಿ ಕೆಂಡ ಇಡಲೇಕೂಡದು. ಕಿಟಕಿಯನ್ನು ಕೊಂಚ ತೆರೆದಿದ್ದರೆ ಸಾಕೆಂದೂ ನಂಬಬಾರದು. ಕೂಸಿಗೆ ಲೋಬಾನದ ಹೊಗೆ ಹಾಕುವುದೂ ಅದರ ಉಸಿರಾಟಕ್ಕೆ ಹಾನಿಕರ.

ಹೀಟರ್ ಬಳಸುವವರು ಗಮನಿಸಬೇಕಾದ ಅಂಶಗಳು

ವಿದ್ಯುತ್ ಹೀಟರಿನಿಂದ ಈ ಅನಿಲ ಹುಟ್ಟದು. ಆದರೆ ಬೆಂಕಿ, ಸುಟ್ಟಗಾಯ ಮತ್ತು ವಿದ್ಯುದಾಘಾತಗಳ ಭಯ ಇದ್ದೇ ಇದೆ.

1. ಐ.ಎಸ್.ಐ. ಗುರುತುಳ್ಳ ಹೀಟರನ್ನೇ ಕೊಳ್ಳಿರಿ. ಮಗುಚಿದಾಗ ತಾನಾಗಿ ಆರುವಂತಹುದು ಉತ್ತಮ.

2. 2000 ವಾಟ್ ಹೀಟರ್ ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗು ಇದನ್ನು ತಾಳದು. ಅರ್ಥಿಂಗ್ ಇರುವ 16 ಆಂಪಿಯರಿನ ಪ್ಲಗ್ಗಿಗೇ ನೇರವಾಗಿ ಜೋಡಿಸಿರಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ.

3. ತೊಟ್ಟಿಲು, ಕೌದಿ, ಪರದೆ, ಸೀರೆಯ ಸೆರಗು ಇವುಗಳಿಂದ ಕನಿಷ್ಠ 3 ಅಡಿ ದೂರದಲ್ಲಿ, ಸಮತಟ್ಟಾದ ನೆಲದ ಮೇಲಿಡಿರಿ.

4. ಕೂಸಿನ ಬಟ್ಟೆಗಳನ್ನು ಹೀಟರಿನ ಮೇಲೆ ಒಣಗಿಸಕೂಡದು.

5. ಒದ್ದೆ ಕೈಯಿಂದ ಮುಟ್ಟಬೇಡಿರಿ, ಬಚ್ಚಲಿಗೆ ಒಯ್ಯಬೇಡಿರಿ.

6. ಮಲಗುವ ಮುನ್ನ ಆರಿಸಿ, ಪ್ಲಗ್ಗನ್ನು ಕಿತ್ತಿಡಿರಿ.

ತಾಯಿಯ ಮೈಯೇ ಉತ್ತಮ ಶಾಖ

ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ, ಮೇಲೆ ಬಟ್ಟೆ ಹೊದಿಸಿರಿ. ತಲೆಗೆ ಕುಲಾವಿ ಇರಲಿ; ಮುಖ ಮಾತ್ರ ತೆರೆದಿರಲಿ. ಹುಟ್ಟಿದ ಮೊದಲ 24 ಗಂಟೆ ಸ್ನಾನ ಮಾಡಿಸಬೇಡಿರಿ. ಮೇಲಿಂದ ಮೇಲೆ ಎದೆಹಾಲು ಕೊಡಿರಿ. ಹೊಟ್ಟೆ, ಪಾದ ಎರಡೂ ಬೆಚ್ಚಗಿದ್ದರೆ ಶಾಖ ಸಾಕು. ಪಾದ ಮಾತ್ರ ತಣ್ಣಗಿದ್ದರೆ ಕೂಡಲೇ ಎದೆಗೆ ಅಪ್ಪಿಕೊಳ್ಳಿರಿ. ಹೊಟ್ಟೆಯೂ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಪಾಯ ಒದಗಿದಾಗ

ಕೆಂಡವಿರುವ ಕೋಣೆಯಲ್ಲಿ ಯಾರಿಗಾದರೂ ತಲೆಸುತ್ತು, ಮಂಪರು ಕಂಡರೆ ಕೂಡಲೇ ಬಾಗಿಲು ತೆರೆದು, ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿರಿ. 108ಕ್ಕೆ ಕರೆ ಮಾಡಿರಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸುವುದು ಅವಶ್ಯ.

ತಾಯಂದಿರೇ, ಹಿರಿಯರ ಕಾಳಜಿಯನ್ನು ತಳ್ಳಿಹಾಕಬೇಡಿರಿ. ಈ ಮಾತುಗಳನ್ನು ಅವರಿಗೂ ಓದಿ ಹೇಳಿರಿ. ಕೆಂಡ ಹೊರಗಿನ ಒಲೆಯಲ್ಲಿರಲಿ, ಕೂಸು ತಾಯಿಯ ಎದೆಯ ಮೇಲಿರಲಿ.