ಶೇಕಡಾ 40ರ ಗೆರೆ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಗೊತ್ತೇ ಇದೆ. ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ತರುಣ ಡಂಕಣಾಚಾರಿ ತೋರಿಸಿಕೊಟ್ಟಾಗ, ಆಡಿದ ಮಾತಿಗೆ ಕಟ್ಟುಬಿದ್ದು ಜಕಣಾಚಾರಿ ತನ್ನ ಬಲಗೈಯನ್ನೇ ಕಡಿದುಕೊಂಡ. ಇದು ಇತಿಹಾಸವಲ್ಲ, ಐತಿಹ್ಯ. ಐತಿಹ್ಯದಲ್ಲಿ ತುಮಕೂರು ಬಳಿಯ ಕೈದಾಳದಲ್ಲಿ ಅವನಿಗೆ ಕೈ ಮರಳಿ ಬಂತು. ಕೈ ಮರಳಿ ಬಾರದ ನೌಕರನ ಗತಿಯೇನು? ಜಕಣಾಚಾರಿ ಇಂದು ಸರ್ಕಾರಿ ಶಿಲ್ಪಿಯಾಗಿದ್ದರೆ ಅವನನ್ನು ಕೆಲಸದಿಂದ ತೆಗೆಯಬಹುದಿತ್ತೆ?

ತೆಗೆಯುವಂತಿಲ್ಲ. 1995ರ ಅಂಗವಿಕಲರ ಅಧಿನಿಯಮದ 47ನೇ ಕಲಂ ಹಾಗೆ ಹೇಳಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮದ 20ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದರೆ ನೌಕರನನ್ನು ವಜಾ ಮಾಡಬಾರದು, ಕೆಳದರ್ಜೆಗೂ ಇಳಿಸಬಾರದು. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆಯೇ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು.

ಹಾಗಾದರೆ ಕಾನೂನಿನ ದೃಷ್ಟಿಯಲ್ಲಿ ಅಂಗವಿಕಲರು ಯಾರು? ಗೊಂದಲ ಶುರುವಾಗುವುದು ಇಲ್ಲೇ. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿ, ವೈದ್ಯರ ಪ್ರಮಾಣಪತ್ರದಲ್ಲಿ ಕನಿಷ್ಠ ಶೇಕಡಾ 40 ಇರಬೇಕೆಂದಿತು. ಆಗಿನಿಂದ 40 ಎಂಬ ಅಂಕಿ ಕಚೇರಿಗಳ ತಲೆಯಲ್ಲಿ ಭದ್ರವಾಗಿ ಕೂತುಬಿಟ್ಟಿದೆ. ಶೇಕಡಾ 38 ಬಂದವರಿಗೆ ‘ನೀವು ಅಂಗವಿಕಲರೇ ಅಲ್ಲ’ ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಕಾನೂನು ಅಷ್ಟು ಸರಳವಾಗಿ ಹೇಳಿಲ್ಲ.

2016ರ ಅಧಿನಿಯಮದಲ್ಲಿ ಎರಡು ವ್ಯಾಖ್ಯೆಗಳಿವೆ. ಮೊದಲನೆಯದು ವಿಶಾಲವಾದದ್ದು: ದೇಹದ, ಮನಸ್ಸಿನ, ಬುದ್ಧಿಯ ಅಥವಾ ಇಂದ್ರಿಯಗಳ ದೀರ್ಘಕಾಲದ ನ್ಯೂನತೆ ಇದ್ದು, ಅದು ಹೊರಗಿನ ಅಡೆತಡೆಗಳೊಡನೆ ಸೇರಿದಾಗ ಎಲ್ಲರಂತೆ ಪಾಲ್ಗೊಳ್ಳಲು ಆಗದವರು. ಇಲ್ಲಿ ಶೇಕಡಾವಾರು ಮಾತೇ ಇಲ್ಲ. ಚೆನ್ನಕೇಶವ ದೇವಾಲಯದ ಎತ್ತರದ ಜಗತಿಯನ್ನು ನೆನಪಿಸಿಕೊಳ್ಳಿ. ಗಾಲಿಕುರ್ಚಿಯಲ್ಲಿರುವವರಿಗೆ ಅಂಗಳದಲ್ಲಿ ಓಡಾಡಲು ಆಗುತ್ತದೆ, ಮೆಟ್ಟಿಲ ಬಳಿ ನಿಲ್ಲಬೇಕಾಗುತ್ತದೆ. ಕಾಲು ಎರಡು ಕಡೆಯೂ ಅದೇ; ಬದಲಾದದ್ದು ದಾರಿ. ಲಿಫ್ಟ್ ಇಲ್ಲದ ಕಚೇರಿಯ ಮೂರನೇ ಮಹಡಿಗೂ ಇದೇ ಮಾತು. ಎರಡನೆಯ ವ್ಯಾಖ್ಯೆ ಕಿರಿದು: ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಒಂದು ಶೇಕಡಾ 40 ಅಥವಾ ಹೆಚ್ಚು ಇರುವವರು. ಸರ್ಕಾರಿ ಹುದ್ದೆಗಳಲ್ಲಿ ಕಾಯ್ದೆ ನಿಗದಿಪಡಿಸಿರುವ ಕನಿಷ್ಠ ಶೇಕಡಾ 4ರ ಮೀಸಲಾತಿ ಇವರಿಗೆ.

ಅಂದರೆ 40ರ ಗೆರೆ ಮೀಸಲಾತಿಯ ಬಾಗಿಲಿನದು, ತಾರತಮ್ಯದ ವಿರುದ್ಧ ಇರುವ ರಕ್ಷಣೆಯದಲ್ಲ. ಸರ್ವೋಚ್ಚ ನ್ಯಾಯಾಲಯ ಈ ವ್ಯತ್ಯಾಸವನ್ನು ಹಳೆಯ ಕಾಯ್ದೆಯಲ್ಲೇ ಗುರುತಿಸಿತ್ತು. 2003ರ ಕುನಾಲ್ ಸಿಂಗ್ ಪ್ರಕರಣದಲ್ಲಿ, ಕಾಲು ಕಳೆದುಕೊಂಡು ಕೆಲಸದಿಂದ ಬಿಡುಗಡೆಯಾಗಿದ್ದ ಕಾನ್‌ಸ್ಟೇಬಲ್‌ಗೆ 47ನೇ ಕಲಮಿನ ರಕ್ಷಣೆ ಕೊಡಿಸಿತು. ಬಯಸಿ ಯಾರೂ ಅಂಗವಿಕಲರಾಗುವುದಿಲ್ಲ ಎಂದೂ ಹೇಳಿತು. (ನಮ್ಮ ಜಕಣಾಚಾರಿ ಈ ಮಾತಿಗೆ ಸ್ವಲ್ಪ ತೊಡಕು!) 2021ರಲ್ಲಿ, ಬರೆಯುವಾಗ ಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರು ಬರಹಗಾರರ ನೆರವು ಕೇಳಿದಾಗ, ಅದಕ್ಕೆ ಶೇಕಡಾ 40 ಬೇಕಿಲ್ಲ ಎಂದು ತೀರ್ಪಿತ್ತಿತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಪ್ರಕರಣ ಹಿಡಿಸೀತು. ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳಿವೆ. ಅವುಗಳಲ್ಲಿ ದೋಷವಿದ್ದರೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಈ ಬಣ್ಣಗುರುಡು 21ರ ಪಟ್ಟಿಯಲ್ಲಿ ಇಲ್ಲ. ತಮಿಳುನಾಡಿನ ವಿದ್ಯುತ್ ನಿಗಮ ಇದೇ ಕಾರಣಕ್ಕೆ ಒಬ್ಬ ಸಹಾಯಕ ಎಂಜಿನಿಯರ್‌ಗೆ ಕೆಲಸ ನಿರಾಕರಿಸಿತ್ತು. ಪಟ್ಟಿಯಲ್ಲಿ ಇಲ್ಲದಿದ್ದರೂ ಅವರಿಗೆ ಹೊಂದುವ ವಿಭಾಗದಲ್ಲಿ ಹುದ್ದೆ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಆದೇಶಿಸಿತು. ಇಂಥ ಹೊಂದಾಣಿಕೆಗೆ ಕಾನೂನಿನಲ್ಲಿ ‘ಸಮಂಜಸ ಅನುಕೂಲತೆ’ ಎಂಬ ಹೆಸರಿದೆ. ಅದನ್ನು ನಿರಾಕರಿಸುವುದೂ ತಾರತಮ್ಯವೇ.

ಖಾಸಗಿ ಸಂಸ್ಥೆಗಳ ಮೇಲೆ ಈ ಕಾನೂನಿನ ಹಿಡಿತ ಸಡಿಲ. ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು, ಮೀಸಲಾತಿಯ ಕಡ್ಡಾಯವಿಲ್ಲ. ಸರ್ಕಾರಿ ಕಚೇರಿಯಲ್ಲಿ ಅನ್ಯಾಯವಾದರೆ ಅಲ್ಲಿನ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಅವರು ಎರಡು ವಾರದೊಳಗೆ ವಿಚಾರಿಸಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ಬೇಲೂರಿನವರಿಗೆ ಅದು ಹಾಸನ.