ಕಟ್ಟುವ ಮೊದಲೇ ಅಪಾಯದ ಲೆಕ್ಕ

ಕೇಂದ್ರ ಸರಕಾರವು 2015ರಲ್ಲಿ ಗೊತ್ತುಪಡಿಸಿದ ಸೂತ್ರದಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಇಲ್ಲವೆ ತೀವ್ರ ಗಾಯವುಂಟಾದ 5 ಅಪಘಾತಗಳು ನಡೆದರೆ, ಅಥವಾ 10 ಜನ ಮಡಿದರೆ, ಆ ಸ್ಥಳವು ‘ಬ್ಲ್ಯಾಕ್ ಸ್ಪಾಟ್’ ಎನಿಸುತ್ತದೆ. ಸತ್ತವರನ್ನು ಎಣಿಸಿದ ಮೇಲೆ ದೊರೆಯುವ ತಿಳಿವಳಿಕೆಯಿದು! ಇನ್ನೂ ಕಟ್ಟದ ರಸ್ತೆಯ ಅಪಾಯವನ್ನು ನಕ್ಷೆಯ ಮೇಲೆಯೇ ಅಳೆಯಬಹುದೆ?

ಬಹುಮಟ್ಟಿಗೆ ಅಳೆಯಬಹುದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನರಗುಂದದಲ್ಲಿ ಹೊಸ ಬಡಾವಣೆಯ ಬೀದಿಯೊಂದು ಹೆದ್ದಾರಿಯನ್ನು ಅಡ್ಡ ಹಾಯುವುದೆಂದು ಊಹಿಸೋಣ. ಇಂಥ ನಾಲ್ಕು ಹಾದಿಗಳ ಕೂಟದಲ್ಲಿ ವಾಹನಗಳ ಪಥಗಳು ಕೂಡುವ, ಕವಲೊಡೆಯುವ, ಅಡ್ಡ ಹಾಯುವ ಬಿಂದುಗಳು ಒಟ್ಟು 32. ಮೂರು ಹಾದಿಗಳ ಕೂಟದಲ್ಲಾದರೋ 9 ಮಾತ್ರ. ಆದುದರಿಂದ ಬೀದಿಯ ಒಂದು ಪಾರ್ಶ್ವವನ್ನು ತುಸು ದೂರ ಸರಿಸಿ ಎರಡು ಕೂಟಗಳನ್ನಾಗಿಸಿದರೆ 18. ನಡುವೆ ವೃತ್ತ ಕಟ್ಟಿದರೆ ಕೇವಲ 8. ಇದರೊಡನೆ ಪ್ರತಿ ಹಾದಿಯ ದಿನವಹಿ ವಾಹನಸಂಖ್ಯೆಯನ್ನೂ ಗಣಿಸಿದರೆ, ವರ್ಷಕ್ಕೆ ಸರಾಸರಿ ಎಷ್ಟು ಅಪಘಾತಗಳನ್ನು ನಿರೀಕ್ಷಿಸಬಹುದೆಂಬ ಅಂದಾಜು ದೊರೆಯುತ್ತದೆ.

ವೇಗವನ್ನಂತೂ ಮರೆಯುವಂತಿಲ್ಲ. ಗಂಟೆಗೆ 50 ಕಿಲೋಮೀಟರು ವೇಗದ ವಾಹನ ನಿಲ್ಲಲು ಸುಮಾರು 60 ಮೀಟರು ಬೇಕು. 80 ಕಿಲೋಮೀಟರಿಗೆ 120 ಮೀಟರು. ಅಷ್ಟು ದೂರದ ನೋಟವನ್ನು ಅಂಗಡಿಸಾಲು ಮರೆಮಾಡಿದರೆ, ಚಾಲಕನು ಎಷ್ಟು ಜಾಣನಾದರೇನು?

ಅಮೆರಿಕದಲ್ಲಿ 2010ರಲ್ಲಿ ಹೊರಬಂದ ಹೆದ್ದಾರಿ ಸುರಕ್ಷತಾ ಕೈಪಿಡಿಯಲ್ಲಿ ಇಂಥ ಸೂತ್ರಗಳುಂಟು. ಆದರೆ ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರು, ಚಕ್ಕಡಿ, ಬೈಕುಗಳೆಲ್ಲ ಒಂದೇ ಹಾದಿಯಲ್ಲಿ ಸಾಗುವ ರೋಣಕ್ಕೂ ಗಜೇಂದ್ರಗಡಕ್ಕೂ ಅವು ಹಾಗೆಯೇ ಒಗ್ಗುವುದಿಲ್ಲ. ಸಣ್ಣ ಊರಿನ ಒಂದು ಕೂಟದಲ್ಲಿ ಅಪಘಾತಗಳ ಸಂಖ್ಯೆ ಆಕಸ್ಮಿಕವಾಗಿಯೇ ಒಂದು ವರ್ಷ ಏರಿ ಮರುವರ್ಷ ಇಳಿಯುತ್ತದೆ. ಹಲವು ಊರುಗಳ ಹಲವು ಕೂಟಗಳ, ಹಲವು ವರ್ಷಗಳ ದಾಖಲೆಯನ್ನು ಒಟ್ಟುಗೂಡಿಸಿದಾಗಲೇ ನಮ್ಮ ನೆಲಕ್ಕೆ ಒಪ್ಪುವ ಗುಣಾಂಕವು ಸಿಕ್ಕುತ್ತದೆ.